ನಮ್ಮ ಬಾಲ್ದಿ, ಅವರ ಬಾಲ್ದೆ

ತಂಗೀ, ಟೈಪ್ ಮಾಡಲು ಕುಳಿತರೆ ನನಗೆ ಬೆಳಗಾಗುತ್ತದೆ, ಅದಕ್ಕೇ ಮಾತಿನಲ್ಲೇ ಕಳಿಸುತ್ತಿದ್ದೇನೆ. ಹಿಂದಿನಿಂದ ಟಪಟಪ ಕೇಳುವುದು ಸೋರುವ ಮಾಡಿನ ಕೆಳಗೆ ಇಟ್ಟ ಬಾಲ್ದಿ. ಉಡುಪಿಯಲ್ಲಿ ಬೆಳಗಿನಿಂದ ಮಳೆ ಬಿಟ್ಟಿಲ್ಲ.

ಪುಟ್ಟಿಗೆ ನಾಲ್ಕು ತುಂಬಿತು, ಮಂಗಳೂರಿನ ಕದ್ರಿ ಕಡೆಯ ಒಂದು ಶಿಶುವಿಹಾರದಲ್ಲಿ ಸಂಗೀತ, ಸ್ಪ್ಯಾನಿಷ್ ಎರಡನ್ನೂ ಕಲಿಸುತ್ತಾರಂತೆ, ಸೇರಿಸಲೇ ಎಂದು ನೀನು ಕೇಳಿದೆ. ಅದರ ಕೆಳಗೇ ನಿನ್ನ ಮಾವ, "ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್, ನಡುವೆ ಕನ್ನಡ ಸೊರಗಿದೆ, ಇನ್ನು ಇದೊಂದು ಬಾಕಿ ಇತ್ತು" ಎಂದು ಬರೆದಿದ್ದಾರೆ.

ಮಾವ, ನಿಮ್ಮ ಸಿಟ್ಟು ಸುಳ್ಳಲ್ಲ. 2020ರ ಶಿಕ್ಷಣ ನೀತಿಯೂ ಸ್ಪ್ಯಾನಿಷಿನಂಥ ಭಾಷೆಗಳನ್ನು ಪ್ರೌಢ ಹಂತಕ್ಕೆ ಇಟ್ಟು, ಚಿಕ್ಕವರ ಪಾಠ ಆದಷ್ಟು ಮನೆಮಾತಿನಲ್ಲೇ ಇರಲಿ ಎನ್ನುತ್ತದೆ. ಆದರೆ ಮಂಗಳೂರಿನ ಮಗುವಿಗೆ ಭಾಷೆ ಹೆಚ್ಚಾಯಿತೆಂದರೆ ನಂಬುವವರು ಯಾರು? ಮೀನು ಮಾರುಕಟ್ಟೆಯಲ್ಲಿ ಐದು ನಿಮಿಷ ನಿಂತರೆ ತುಳು, ಕೊಂಕಣಿ, ಬ್ಯಾರಿ, ಕನ್ನಡ ನಾಲ್ಕೂ ಕಿವಿಗೆ ಬೀಳುತ್ತವೆ. ಸ್ಪ್ಯಾನಿಷಿನ ಒಡಹುಟ್ಟಿದ ಪೋರ್ಚುಗೀಸಂತೂ ಎಂದೋ ನಮ್ಮ ಬಚ್ಚಲು ಸೇರಿದೆ. ಈ ಬಾಲ್ದಿ ಅವರ ಶಬ್ದವೇ, ಸ್ಪ್ಯಾನಿಷಿನಲ್ಲಿ ಬಾಲ್ದೆ. ನೀವು ಎಣಿಸಿ ತಂದ ಪಗಾರವೂ ಅಲ್ಲಿಯದೇ. ಸ್ಪ್ಯಾನಿಷಿನಲ್ಲೂ ಪಗಾರ್ ಎಂದರೆ ಹಣ ಕೊಡುವುದು.

ತಂಗೀ, ಸಂಗೀತದ ಮಾತು ನಿನಗೆ. ಸ್ಪ್ಯಾನಿಷಿನವರು ಸ್ವರಗಳನ್ನು ದೊ ರೆ ಮಿ ಫಾ ಸೋಲ್ ಲಾ ಸಿ ಎಂದೇ ಕರೆಯುತ್ತಾರೆ. ಅದರಲ್ಲಿ ಮಿ ಎಂದರೆ ನನ್ನ, ಸೋಲ್ ಎಂದರೆ ಸೂರ್ಯ, ಸಿ ಎಂದರೆ ಹೌದು. ಮಿ, ಸೋಲ್, ಅಂದರೆ ನಮ್ಮ ಗ, ಪ. ಹಾಡುತ್ತಾ ಆಕಾಶ ತೋರಿಸಿದರೆ ಸಾಕು, ನಾಲ್ಕು ವರ್ಷದವಳಿಗೆ ಬೇರೆ ಅರ್ಥ ಹೇಳಬೇಕಾಗಿಲ್ಲ. ಆದರೆ ಪುಟ್ಟಿ ಅಜ್ಜಿಯ ಬಳಿ ಸರಳೆ ವರಸೆ, ಅಂದರೆ ನಮ್ಮ ಸಂಗೀತದ ಮೊದಲ ಪಾಠ, ಹಾಡುವುದು ಮಾಯಾಮಾಳವಗೌಳ ರಾಗದಲ್ಲಿ. ಅಲ್ಲಿಯ ರಿ, ದ ಎರಡೂ ತಗ್ಗಿನವು. ದೊ ರೆ ಮಿ ನಡೆಯುವುದು ಶಂಕರಾಭರಣ ರಾಗದ ಹಾದಿಯಲ್ಲಿ, ಅಲ್ಲಿ ಅವೆರಡೂ ಮೇಲಿನವು. ಎರಡನ್ನೂ ಒಂದೇ ಸಂಜೆ ಒಟ್ಟಿಗೆ ಹಾಡಿಸಬೇಡ. ನಾನು ಪಾಠ ಹೇಳುತ್ತಿದ್ದಾಗ ವಾರ್ಷಿಕೋತ್ಸವದ ಅವಸರದಲ್ಲಿ ಹಾಗೆ ಮಾಡಿ, ಮಕ್ಕಳ ರಿ ಅಲ್ಲೂ ನಿಲ್ಲದೆ ಇಲ್ಲೂ ನಿಲ್ಲದೆ ತೂಗಾಡಿತು. ಸರಿಪಡಿಸಲು ಮಳೆಗಾಲ ಪೂರ್ತಿ ಬೇಕಾಯಿತು.

ಹಣ ಕಟ್ಟುವ ಮೊದಲು ಒಂದು ತರಗತಿ ಕುಳಿತು ನೋಡು. ಟೀಚರ್ ಟೊಮೆಟೊಗೆ ತೊಮಾತೆ ಎನ್ನುತ್ತಾರೋ ಟೊಮಾಟೆ ಎನ್ನುತ್ತಾರೋ ಗಮನಿಸು. ಸ್ಪ್ಯಾನಿಷಿನ ತ, ದ ನಮ್ಮವುಗಳಂತೆ ಹಲ್ಲಿಗೆ ನಾಲಿಗೆ ತಾಗಿಸುವಂಥವು. ಇಂಗ್ಲಿಷಿನ ದಾರಿ ಹಿಡಿದು ಬಂದವರು ಅದನ್ನು ಟ ಮಾಡಿಬಿಡುತ್ತಾರೆ. ವರ್ಣಮಾಲೆಯಲ್ಲಿ ಸುಮ್ಮನೆ ಕುಳಿತಿದ್ದ ಞ ಕಾರಕ್ಕೂ ಅಲ್ಲಿ ಕೆಲಸ ಸಿಕ್ಕಿದೆ: ಚಿಕ್ಕ ಹುಡುಗನೆಂದರೆ ನಿಞೊ. ಪೆರೊ ಎಂದರೆ ಆದರೆ. ರಕಾರವನ್ನು ಗುಡುಗಿಸಿ ಪೆರ್ರೊ ಎಂದರೆ ನಾಯಿ. ಮಕ್ಕಳು ಬೊಗಳುತ್ತಾ ಕಲಿಯುತ್ತಿದ್ದರೆ ಸೇರಿಸು. ಕಾಪಿ ಪುಸ್ತಕ, ಪರೀಕ್ಷೆ ಎಂದರೆ ಎದ್ದು ಬಾ.

ನೀನು ಹೇಳಿದ ಶುಲ್ಕ ನನಗೆ ಹೆಚ್ಚೇ ಅನ್ನಿಸಿತು. ಮೊದಲು ಒಂದು ತಿಂಗಳಿಗೆ ಮಾತ್ರ ಕಟ್ಟುತ್ತೇನೆಂದು ಕೇಳಿ ನೋಡು. ಮಾವ, ರಾತ್ರಿಯ ಕನ್ನಡದ ಕಥೆ ನಿಮ್ಮ ಪಾಲಿನದು, ಅದನ್ನು ಟಿವಿಗೆ ಬಿಟ್ಟುಕೊಡಬೇಡಿ. ಅಯ್ಯೋ, ಬಾಲ್ದಿ ತುಂಬಿ ಹರಿಯುತ್ತಿದೆ, ಇಡುತ್ತೇನೆ.