ಹೊಸ ಬ್ರಯರ್ ಪೈಪ್‌ನಲ್ಲಿ ಸಣ್ಣ ಗುಳಿ: ವಾಪಸ್ ಕೊಡಲಾ?

ಹೊಸಹೊಗೆ:
ಎರಡು ವರ್ಷ ದುಡ್ಡು ಕೂಡಿಟ್ಟು ಮೊದಲ ಸಲ ಕೈಯಲ್ಲೇ ಮಾಡಿದ, ತಂಬಾಕು ಸೇದುವ ಬ್ರಯರ್ ಪೈಪ್ ತಗೊಂಡೆ. ಬಿಲಿಯರ್ಡ್ ಅನ್ನುವ ಮಾಮೂಲಿ ಆಕಾರ, ನೇರ ಸ್ಟೆಮ್ (ಬಾಯಿಗಿಡುವ ಕೊಳವೆ). ತಂಬಾಕು ತುಂಬುವ ಬೋಲ್‌ನ ಎಡಗಡೆ ಮರದ ಎಳೆಗಳು ಬಾಚಿದ ಕೂದಲಿನ ಹಾಗೆ ನೆಟ್ಟಗೆ ಇಳಿದಿವೆ. ಬಲಗಡೆ ಮಾತ್ರ ಸಾಸಿವೆಗಿಂತ ಚಿಕ್ಕ ಕಪ್ಪು ಗುಳಿ. ನಿನ್ನೆಯಿಂದ ಕಣ್ಣಿಗೆ ಅದೊಂದೇ ಬೀಳುತ್ತಿದೆ. ಮೋಸ ಹೋದೆನಾ? ಇಲ್ಲಾ ಸುಮ್ನೆ ತಲೆ ಕೆಡಿಸಿಕೊಂಡಿದ್ದೇನಾ?

ಹಳೇಪೈಪ್:
ವಾಪಸ್ ಕೊಡಬೇಡಿ ಮಾರಾಯ್ರೇ. ಬ್ರಯರ್ ಅಂದರೆ ಮರದ ಕಾಂಡ ಅಲ್ಲ. ಮೆಡಿಟರೇನಿಯನ್ ಸುತ್ತಮುತ್ತ ಬೆಳೆಯುವ ಎರಿಕಾ ಅರ್ಬೋರಿಯಾ ಅನ್ನುವ ಗಿಡದ ಬುಡದ ಗಂಟು. ಕಲ್ಲುನೆಲದಲ್ಲಿ ದಶಕಗಟ್ಟಲೆ ಊದಿಕೊಂಡು ಬೆಳೆದಿರುತ್ತದೆ. ಒಳಗೆ ಗುಳಿ, ಮರಳು ಇರುವುದು ಮಾಮೂಲಿ. ಆ ಗಂಟನ್ನು ತುಂಡು ಮಾಡಿ, ಗಂಟೆಗಟ್ಟಲೆ ಕುದಿಸಿ, ಒಗರು ರಸ ತೆಗೆದು, ತಿಂಗಳುಗಟ್ಟಲೆ ಒಣಗಿಸುತ್ತಾರೆ. ಅಷ್ಟಾದರೂ ಒಳಗೇನಿದೆ ಅಂತ ಕೆತ್ತುವವರೆಗೆ ಗೊತ್ತಾಗುವುದಿಲ್ಲ. ಕೊನೆಯ ಸಲ ಉಜ್ಜುವಾಗ ಗುಳಿ ಎದ್ದರೆ ಪುಟ್ಟಿ ಮೆತ್ತಿ, ಮೇಲೆ ಕಡುಬಣ್ಣ ಬಳಿದು ಮುಚ್ಚುವವರು ಬೇಕಾದಷ್ಟು ಜನ. ನಿಮ್ಮವರು ಮುಚ್ಚಿಲ್ಲ. ನನಗೆ ಅದೇ ಇಷ್ಟ.

ನಾನು ಮೊದಲು ನೋಡುವುದು ಹೊಗೆ ಬರುವ ರಂಧ್ರ. ಸ್ಟೆಮ್ ಕಡೆಯಿಂದ ಪೈಪ್ ಕ್ಲೀನರ್ (ನೂಲು ಸುತ್ತಿದ ತಂತಿ) ತೂರಿಸಿ. ಬೋಲ್‌ನ ತಳದ ನಟ್ಟನಡುವೆ ಬರಬೇಕು. ಮೇಲೆ ಬಂದರೆ ತಳದಲ್ಲಿ ತೇವ ನಿಲ್ಲುತ್ತದೆ, ಅಲ್ಲಿನ ತಂಬಾಕು ಉರಿಯುವುದೇ ಇಲ್ಲ. ನನ್ನ ಹತ್ತಿರ ಇರುವುದರಲ್ಲೇ ಅತಿ ಚಂದದ ಪೈಪ್‌ಗೆ ಇದೇ ರೋಗ. ಎಳೆಗೆ ಮರುಳಾಗಿ ರಂಧ್ರ ನೋಡದೆ ತಗೊಂಡಿದ್ದೆ. (ಈಗ ನಾನು ಸೇದುವುದನ್ನೇ ಬಿಟ್ಟಿದ್ದೇನೆ, ಆ ಮಾತು ಬೇರೆ. ಆದರೂ ಅದನ್ನು ಕಂಡರೆ ಸಿಟ್ಟು ಬರುತ್ತದೆ.)

ಮರಳುಗಾಳಿ:
ಒಂದು ಸೇರಿಸುತ್ತೇನೆ. ಗುಳಿ ಬೋಲ್‌ನ ಒಳಗೋಡೆಯಲ್ಲಿದ್ದರೆ ಕಥೆ ಬೇರೆ, ಅಲ್ಲಿಂದಲೇ ಸುಟ್ಟು ತೂತಾಗಬಹುದು. ಹೊರಗಿದ್ದರೆ ನಿಶ್ಚಿಂತೆ. ಅಷ್ಟು ಬೇಜಾರಾದರೆ ಮುಂದಿನ ಸಲ ಸ್ಯಾಂಡ್‌ಬ್ಲಾಸ್ಟ್ ತಗೊಳ್ಳಿ. ಮರಳು ಊದಿದಾಗ ಮೆತ್ತನೆ ಭಾಗ ಸವೆದು, ಗಟ್ಟಿ ಎಳೆ ಏಣುಏಣಾಗಿ ನಿಲ್ಲುತ್ತದೆ. ಲಂಡನ್ನಿನ ಪೈಪ್ ಕಂಪನಿ ಡನ್‌ಹಿಲ್‌ನವರು 1917ರಲ್ಲೇ ಶೆಲ್ ಅಂತ ಇದನ್ನು ತಂದರು. ಅದರಲ್ಲಿ ಗುಳಿ ಹುಡುಕಿದರೂ ಸಿಗುವುದಿಲ್ಲ. ಕೈಗೂ ಹಿತ, ನುಣುಪಿನದಕ್ಕಿಂತ ನನಗೆ ಇದೇ ಜಾಸ್ತಿ ಇಷ್ಟ.

ಹೊಸಹೊಗೆ:
ಒಳಗೋಡೆ ನುಣ್ಣಗಿದೆ. ಕ್ಲೀನರ್ ಮಾತ್ರ ಸ್ಟೆಮ್ ಕೂಡುವಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದೆ.

ಹಳೇಪೈಪ್:
ತುದಿ ಚೂರು ಬಗ್ಗಿಸಿ, ತಿರುಗಿಸುತ್ತಾ ನೂಕಿ. ಸ್ಟೆಮ್ ಬಿಚ್ಚುವುದಾದರೆ ಪೈಪ್ ಪೂರ್ತಿ ಆರಿದ ಮೇಲೆ, ಬಿಸಿ ಇದ್ದಾಗ ಎಳೆದರೆ ಶ್ಯಾಂಕ್ (ಸ್ಟೆಮ್ ಕೂಡುವ ಬೋಲ್‌ನ ಕತ್ತು) ಸೀಳುತ್ತದೆ. ಸ್ಟೆಮ್ ಎಬೊನೈಟ್ (ಗಟ್ಟಿ ರಬ್ಬರ್) ಅಲ್ವಾ? ಬಿಸಿಲಿಗೆ ಇಡಬೇಡಿ. ಅದರಲ್ಲಿ ಗಂಧಕ ಇದೆ, ಕಪ್ಪು ಹೋಗಿ ಹಸಿರುಗಂದು ಬಣ್ಣಕ್ಕೆ ತಿರುಗುತ್ತದೆ.

ಹೊಸಹೊಗೆ:
ಹೋಯಿತು! ಸರಿಯಾಗಿ ತಳಕ್ಕೇ ಬಂತು. ಪೈಪ್ ಇಟ್ಟುಕೊಳ್ಳುತ್ತೇನೆ. ಕಪಾಟಿನಲ್ಲಿ ಗುಳಿ ಇರುವ ಕಡೆಯನ್ನೇ ಮುಂದೆ ಮಾಡಿ ಇಟ್ಟಿದ್ದೇನೆ.