ಬರೆದಿಟ್ಟರೋ, ಬರೆದುಕೊಟ್ಟರೋ, ಬರೆಸಿಕೊಂಡರೋ?

ಗೆಳೆಯರೆ, ಆಸ್ತಿ ವಿಷಯದಲ್ಲಿ ನಾವು ಆಡುವ ಮೂರು ಮಾತುಗಳ ಬಗ್ಗೆ ಕೇಳಬೇಕಿತ್ತು. ಕಾಲಿಗೆ ಸಿಕ್ಕ ಕಲ್ಲಿನ ಹಾಗೆ, ಇವು ನಮ್ಮ ಮನೆಯಲ್ಲೇ ಎಡವಿ ಸಿಕ್ಕವು.

ನಮ್ಮ ದೊಡ್ಡಪ್ಪ ಇರುವುದು ಗಂಗಾವತಿ ಹತ್ತಿರದ ಹಳ್ಳಿಯಲ್ಲಿ. ತುಂಗಭದ್ರಾ ಕಾಲುವೆ ನೀರಿನ ಭತ್ತದ ಹೊಲ, 4 ಎಕರೆ 20 ಗುಂಟೆ. ಅವರೇ ದುಡಿದು ಕೊಂಡದ್ದು. ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ತಲಾ 1 ಎಕರೆ 20 ಗುಂಟೆ ಅಂತ ಉಯಿಲು ಮಾಡಿಸಿ, ದೊಡ್ಡ ಮಗನ ಬೈಕ್ ಮೇಲೆ ಹೋಗಿ ರಿಜಿಸ್ಟರ್ ಮಾಡಿಸಿ ಬಂದರು. ಸಂಜೆ ಕಟ್ಟೆ ಮೇಲೆ ಕೂತು, "ಮಕ್ಕಳಿಗೆ ಹೊಲ ಬರ್ದಿಟ್ಟೀನಪ್ಪ, ನಾ ಹೋದಮ್ಯಾಲ ಬಡದಾಡಬಾರದು" ಅಂದರಂತೆ.

ಮಾತು ಸಿಂಧನೂರಿನಲ್ಲಿರುವ ಅಕ್ಕನಿಗೆ ಮುಟ್ಟುವಾಗ "ನಿಮ್ಮಪ್ಪಾರು ನಿಮ್ಮಣ್ಣಗ ಹೊಲ ಬರ್ದುಕೊಟ್ಟಾರಂತ" ಆಗಿತ್ತು. ಭಾವನ ಬಾಯಿಗೆ ಬರುವ ಹೊತ್ತಿಗೆ "ನಿಮ್ಮಣ್ಣ ಬರ್ಸ್ಕೊಂಡಾನ." ಎರಡು ತಿಂಗಳು ಅಕ್ಕ ತವರಿಗೆ ಕಾಲಿಡಲಿಲ್ಲ. ಕಾಗದದಲ್ಲಿ ಅವಳ ಹೆಸರೂ ಇತ್ತು, ಪಾಪ.

ನೋಡಿ, 'ಬರೆ' ಮೂರರಲ್ಲೂ ಇದೆ. ಕೆಲಸವೆಲ್ಲ ಹಿಂದೆ ಬಂದ ಇಡು, ಕೊಡು, ಕೊಳ್ಳುಗಳದ್ದು. 'ಬರೆದಿಡು' ಅಂದರೆ ಉಯಿಲು. ಬರೆದವರು ಇರುವ ತನಕ ಹೊಲ ಅವರದ್ದೇ, ಮನಸ್ಸು ಬದಲಾದರೆ ಹರಿದು ಬೇರೆ ಬರೆಯಬಹುದು. 1925ರ ಉತ್ತರಾಧಿಕಾರ ಕಾಯ್ದೆ ಪ್ರಕಾರ ಇಬ್ಬರು ಸಾಕ್ಷಿ ಬೇಕು. ಬಿಳಿ ಹಾಳೆ ಸಾಕು, ರಿಜಿಸ್ಟರ್ ಕಡ್ಡಾಯವಲ್ಲ. 'ಬರೆದುಕೊಡು' ಅಂದರೆ ದಾನಪತ್ರವೋ ಕ್ರಯಪತ್ರವೋ. ರಿಜಿಸ್ಟರ್ ಆಯಿತೆಂದರೆ ಹಕ್ಕು ಕೈ ಬದಲಾಯಿತು. 'ಬರೆಸಿಕೊಳ್ಳು' ಅನ್ನುವುದಕ್ಕೆ ಮಾತ್ರ ಯಾವ ಪತ್ರವೂ ಇಲ್ಲ, ಅದು ಬರೀ ಆರೋಪ! ಮುದುಕರ ಹೆಬ್ಬೆಟ್ಟು ಹಿಡಿದು ಒತ್ತಿಸಿದ ಚಿತ್ರವೇ ಕಣ್ಣಿಗೆ ಬರುತ್ತದೆ, ಅಲ್ವಾ? ಸುಮ್ನೆ "ಸಹಿ ಮಾಡಿಸಿಕೊಂಡ" ಅಂದರೆ ಇಷ್ಟು ಚುಚ್ಚುವುದಿಲ್ಲ.

ಪಿತ್ರಾರ್ಜಿತ ಹೊಲವಾಗಿದ್ದರೆ ಮಾತು ಬೇರೆ. ಅಲ್ಲಿ ಅಪ್ಪ ಬರೆದಿಡಬಹುದಾದ್ದು ತನ್ನ ಪಾಲನ್ನಷ್ಟೇ. ಮಗಳಿಗೂ ಮಗನಷ್ಟೇ ಹಕ್ಕು ಅಂತ ಕರ್ನಾಟಕ 1994ರಲ್ಲೇ ತಿದ್ದುಪಡಿ ಮಾಡಿತ್ತು, 2005ರಲ್ಲಿ ಇಡೀ ದೇಶಕ್ಕೆ ಬಂತು. ಆದರೂ ನಮ್ಮ ಕಡೆ ಮಗಳಿಗೆ ಕೊಟ್ಟದ್ದಕ್ಕೆ 'ಪಾಲು' ಅನ್ನುವವರು ಕಡಿಮೆ, 'ಅರಿಶಿನ ಕುಂಕುಮಕ್ಕೆ ಕೊಟ್ಟದ್ದು' ಅನ್ನುವವರೇ ಜಾಸ್ತಿ. ಕೇಳಲು ಚೆಂದ. ಆದರೆ ಹಕ್ಕನ್ನು ಉಡುಗೊರೆ ಮಾಡಿಬಿಡುವ ಮಾತು ಅದು. ನನಗೆ ಹಿಡಿಸುವುದಿಲ್ಲ.

ಇನ್ನೊಂದು. 'ಉಯಿಲು' ಇಂಗ್ಲಿಷಿನ 'ವಿಲ್' ನಮ್ಮ ಬಾಯಲ್ಲಿ ಆದದ್ದು. ನಮ್ಮ ದೊಡ್ಡಮ್ಮ ಅದನ್ನು 'ಹುಯಿಲು' ಅಂತಲೇ ಅನ್ನುತ್ತಾರೆ. ಹುಯಿಲೆಬ್ಬಿಸುವ ಹುಯಿಲು! ಆ ಎರಡು ತಿಂಗಳ ರಾದ್ಧಾಂತ ಕಂಡ ಮೇಲೆ ತಿದ್ದುವುದಕ್ಕೆ ಮನಸ್ಸಾಗಲಿಲ್ಲ. ಸತ್ತವರ ಹೆಸರಿಂದ ವಾರಸುದಾರರಿಗೆ ಬದಲಾಗುವ 'ಪೌತಿ ಖಾತೆ'ಯ ಪೌತಿ ಅರಬ್ಬಿಯಿಂದ ಬಂದದ್ದು, ಸಾವು ಅಂತ ಅರ್ಥ. 'ವಾರಸು', 'ಹಿಸ್ಸಾ' ಕೂಡ ಅಲ್ಲಿಯವೇ. ನಿಜಾಮರ ಆಳಿಕೆ ಕಂಡ ಕೊಪ್ಪಳ, ರಾಯಚೂರಿಗೆ ಇವೇನೂ ಹೊಸವಲ್ಲ.

ಈಗ ಕೇಳಬೇಕಾದ್ದು. ನಿಮ್ಮ ಊರಲ್ಲಿ ಬರೆದಿಡು, ಬರೆದುಕೊಡು ಎರಡನ್ನೂ ಬೇರೆಬೇರೆಯಾಗಿಯೇ ಬಳಸುತ್ತಾರಾ, ಇಲ್ಲ ಎರಡಕ್ಕೂ ಒಂದೇ ಮಾತಾ? 'ಬರೆಸಿಕೊಂಡ' ಅನ್ನುವುದನ್ನು ಒಳ್ಳೆಯ ಅರ್ಥದಲ್ಲಿ ಆಡಿದ್ದನ್ನು ಯಾರಾದರೂ ಕೇಳಿದ್ದೀರಾ? ಬಳ್ಳಾರಿಯಲ್ಲಿ ಮನೆಯೊಳಗೆ ತೆಲುಗು ಆಡುವವರು ಇದ್ದರೆ, 'ರಾಸಿಪೆಟ್ಟಾಡು', 'ರಾಸಿಚ್ಚಾಡು'ಗಳ ನಡುವೆಯೂ ಇದೇ ಅಂತರ ಇದೆಯಾ, ತಿಳಿಸಿ. ಅಕ್ಕ ಮೊನ್ನೆ ಬಂದು ಕಾಗದ ಓದಿಸಿಕೊಂಡು ಹೋದಳು. ಭಾವ ಮಾತ್ರ ಇನ್ನೂ "ಬರ್ಸ್ಕೊಂಡಾನ" ಅಂತಲೇ ಅನ್ನುತ್ತಾನೆ.