ಪ್ರಕೃತಿಯೇ ಜಾಸ್ತಿ ಕಾರ್ಬನ್ ಬಿಡುವಾಗ ನಮ್ಮನ್ನೇಕೆ ಬೈತಾರೆ?

ತೋಟದಮನೆ:
ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಚಿಕ್ಕಪ್ಪ ಒಂದು ಮೆಸೇಜ್ ಹಾಕಿದ್ದಾರೆ. ಗಾಳಿಗೆ ಸೇರುವ ಕಾರ್ಬನ್ ಡೈಆಕ್ಸೈಡ್‌ನಲ್ಲಿ ನೂರಕ್ಕೆ 95 ಭಾಗ ಸಮುದ್ರ, ಮಣ್ಣು, ಗಿಡಮರಗಳದ್ದಂತೆ, ಮನುಷ್ಯರದ್ದು ಬರೀ 5. ಜೊತೆಗೆ ಜ್ವಾಲಾಮುಖಿ ಬೇರೆ. ಹಿಮಯುಗ ಮುಗಿದಾಗ ಯಾರ ಹತ್ರ ಕಾರಿತ್ತು ಅಂತ ಕೊನೆಗೊಂದು ಪ್ರಶ್ನೆ. ಹುಡುಕಿ ನೋಡಿದರೆ ಆ 95-5 ಲೆಕ್ಕ ಹೆಚ್ಚುಕಡಿಮೆ ಸರಿಯೇ ಇದೆ! ಏನು ಉತ್ತರ ಕೊಡೋದು? ಅವರು ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್. 'ವಿಜ್ಞಾನಿಗಳು ಹೇಳ್ತಾರೆ' ಅಂದ್ರೆ ಒಪ್ಪಲ್ಲ.

ಲೆಕ್ಕದಪುಸ್ತಕ:
ಬ್ಯಾಂಕಿನವರಾದರೆ ಇನ್ನೂ ಸುಲಭ. ಆ ಮೆಸೇಜು ಜಮಾ ಕಾಲಂ ಮಾತ್ರ ತೋರಿಸಿ ಖರ್ಚಿನ ಕಾಲಂ ಮುಚ್ಚಿಟ್ಟಿದೆ. ಪ್ರಕೃತಿ ಬಿಡುವುದು ನಮ್ಮದರ ಸುಮಾರು 20 ಪಟ್ಟು, ನಿಜ, ಆದರೆ ಬಿಟ್ಟಷ್ಟನ್ನೂ ವಾಪಸ್ ಎಳೆದುಕೊಳ್ಳುತ್ತದೆ, ಅದರ ಮೇಲೆ ನಮ್ಮದರಲ್ಲೂ ಒಂದು ಪಾಲು. ಹೇಗೆ ಗೊತ್ತು ಅಂತೀರಾ? ಕಲ್ಲಿದ್ದಲು, ಎಣ್ಣೆ, ಗ್ಯಾಸ್ ಸುಟ್ಟು ನಾವು ವರ್ಷಕ್ಕೆ 3,700 ಕೋಟಿ ಟನ್ ಆಸುಪಾಸು ಬಿಡುತ್ತೇವೆ. ಗಾಳಿಯಲ್ಲಿ ಏರುತ್ತಿರುವುದು ಅದರ ಅರ್ಧದಷ್ಟು. ಉಳಿದದ್ದನ್ನು ಸಮುದ್ರ, ಕಾಡು ನುಂಗಿವೆ. ಪ್ರಕೃತಿಯಿಂದಲೇ ಏರುತ್ತಿದ್ದರೆ ಆ ಏರಿಕೆ ನಾವು ಬಿಟ್ಟದ್ದಕ್ಕಿಂತ ಜಾಸ್ತಿ ಇರಬೇಕಿತ್ತು, ಅಲ್ವಾ? ಇರೋದು ಕಡಿಮೆ. ಚಿಕ್ಕಪ್ಪನಿಗೆ ಇದೊಂದೇ ಸಾಕು.

ಮೋಡಗಣ್ಣು:
ಹವಾಯಿಯ ಮೌನಾ ಲೋವಾ ಗ್ರಾಫನ್ನೂ ಕಳಿಸಿ. ಗಾಳಿಯಲ್ಲಿ ಎಷ್ಟು ಕಾರ್ಬನ್ ಡೈಆಕ್ಸೈಡ್ ಇದೆ ಅಂತ ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಅಲ್ಲಿ ಶುರು ಮಾಡಿದ ಅಳತೆ. ಗೆರೆ ಮೇ ತಿಂಗಳಲ್ಲಿ ತುದಿ ಮುಟ್ಟುತ್ತದೆ, ಆಮೇಲೆ ಉತ್ತರ ಗೋಳಾರ್ಧದ ಕಾಡುಗಳು ಚಿಗುರಿ ಕಾರ್ಬನ್ ಎಳೆದುಕೊಳ್ಳುತ್ತಾ ಹೋದ ಹಾಗೆ ಸೆಪ್ಟೆಂಬರ್ ಹೊತ್ತಿಗೆ ಸುಮಾರು 6 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ಎಷ್ಟು ಭಾಗ ಅನ್ನೋ ಲೆಕ್ಕ) ಇಳಿಯುತ್ತದೆ. ನಿಜವಾದ ನೈಸರ್ಗಿಕ ಚಕ್ರ ಅಂದ್ರೆ ಅದು. ಆದರೆ ಮುಂದಿನ ಮೇ ಹಿಂದಿನ ಮೇಗಿಂತ ಮೇಲೇ ಇರುತ್ತದೆ. ಆಗ 315 ಇತ್ತು, ಈಗ 420 ದಾಟಿದೆ.

ತಮಾಷೆ ಅಂದ್ರೆ ಆ ಸ್ಟೇಷನ್ ಇರುವುದೇ ಜ್ವಾಲಾಮುಖಿಯ ಮೇಲೆ! 2022ರ ನವೆಂಬರಿನಲ್ಲಿ ಅದು ಉಕ್ಕಿದಾಗ ಲಾವಾ ಹರಿದು ರಸ್ತೆಯೂ ಹೋಯಿತು, ಕರೆಂಟೂ ಹೋಯಿತು. ಅಳತೆಯನ್ನು ಪಕ್ಕದ ಮೌನಾ ಕೇಯಾ ಬೆಟ್ಟಕ್ಕೆ ಸಾಗಿಸಿದರು. ಪ್ರಪಂಚದ ಜ್ವಾಲಾಮುಖಿಗಳೆಲ್ಲ ಸೇರಿ ವರ್ಷಕ್ಕೆ ಬಿಡುವುದು ನಮ್ಮದರಲ್ಲಿ ನೂರಕ್ಕೆ ಒಂದು ಭಾಗವೂ ಇಲ್ಲ.

ತೋಟದಮನೆ:
ಸರಿ, ಹಿಮಯುಗದ ಪ್ರಶ್ನೆ?

ಹಳೇಕಲ್ಲು:
ಕಾರು ಬೇಕಿರಲಿಲ್ಲ, ಭೂಮಿಯ ಓಲಾಟ ಸಾಕಿತ್ತು. ಕಕ್ಷೆಯ ಆಕಾರ ಸುಮಾರು 1,00,000 ವರ್ಷಕ್ಕೊಮ್ಮೆ, ಅಕ್ಷದ ಓರೆ 41,000 ವರ್ಷಕ್ಕೊಮ್ಮೆ ಬದಲಾಗುತ್ತವೆ. ಇದಕ್ಕೆ ಮಿಲಂಕೊವಿಚ್ ಚಕ್ರ ಅಂತಾರೆ. ಉತ್ತರದ ಬೇಸಿಗೆಗೆ ಸ್ವಲ್ಪ ಜಾಸ್ತಿ ಬಿಸಿಲು ಬಿದ್ದು ಮಂಜು ಕರಗಲು ಶುರುವಾಯಿತು, ಸಮುದ್ರ ಬೆಚ್ಚಗಾಗಿ ಕಾರ್ಬನ್ ಬಿಟ್ಟಿತು, ಆ ಕಾರ್ಬನ್ ಕಾವನ್ನು ಇನ್ನಷ್ಟು ಹಿಡಿದಿಟ್ಟಿತು. ನೈಟ್ರೋಜನ್, ಆಮ್ಲಜನಕ ನೆಲದ ಕಾವನ್ನು ತಡೆಯಲ್ಲ. ತಡೆಯೋದು ನೀರಾವಿ, ಕಾರ್ಬನ್ ಡೈಆಕ್ಸೈಡ್, ಮೀಥೇನ್‌ನಂಥವು. ಅವಿಲ್ಲದಿದ್ದರೆ ಭೂಮಿಯ ಸರಾಸರಿ ಮೈನಸ್ 18 ಡಿಗ್ರಿ ಇರುತ್ತಿತ್ತು, ಈಗಿರುವ 15ರ ಬದಲು. ಹಾಗಾಗಿ ಹಸಿರುಮನೆ ಪರಿಣಾಮವೇ ಕೆಟ್ಟದ್ದು ಅಂತ ಯಾರೂ ಹೇಳ್ತಿಲ್ಲ.

ಗಮನಿಸಬೇಕಾದದ್ದು ವೇಗ. ಅಂಟಾರ್ಕ್ಟಿಕಾದ ಮಂಜಿನೊಳಗೆ ಸಿಕ್ಕಿಬಿದ್ದ ಗುಳ್ಳೆಗಳಲ್ಲಿ 8,00,000 ವರ್ಷದ ಗಾಳಿ ಇದೆ. ಹಿಮಯುಗದಲ್ಲಿ 180 ಪಿಪಿಎಂ, ಬೆಚ್ಚಗಿನ ಕಾಲದಲ್ಲಿ 280ರ ಸುತ್ತಮುತ್ತ. ಆ 100 ಏರಲು ಸಾವಿರಾರು ವರ್ಷ ಹಿಡಿಯಿತು. ಕೀಲಿಂಗ್ ಗ್ರಾಫಿನಲ್ಲಿ ಅಷ್ಟೇ ಏರಿಕೆ ಚಿಕ್ಕಪ್ಪನ ಜೀವಮಾನದಲ್ಲೇ ಆಗಿದೆ.

ತೋಟದಮನೆ:
ಲೆಕ್ಕದ್ದನ್ನು ಹಾಗೇ ಕಳಿಸಿದೆ. ಈಗ ಹೊಸ ತಕರಾರು: ಗಾಳಿಯಲ್ಲಿರುವ ಕಾರ್ಬನ್ ಮೇಲೆ ಕಲ್ಲಿದ್ದಲಿನ ಸೀಲ್ ಇದೆಯಾ ಅಂತ!

ಹಳೇಕಲ್ಲು:
ಇದೆ. ಗಾಳಿಯ ಕಾರ್ಬನ್‌ನಲ್ಲಿ ಚೂರೇ ಚೂರು ಇರುವ ಕಾರ್ಬನ್-14 ಅನ್ನೋ ವಿಕಿರಣಶೀಲ ಬಗೆ ಪ್ರತಿ 5,730 ವರ್ಷಕ್ಕೆ ಅರ್ಧ ಆಗುತ್ತದೆ. ಕಲ್ಲಿದ್ದಲು ಕೋಟಿಗಟ್ಟಲೆ ವರ್ಷ ಹಳೆಯದು, ಅದರಲ್ಲಿ ಏನೂ ಉಳಿದಿಲ್ಲ. ಅದನ್ನು ಸುಟ್ಟಷ್ಟೂ ಗಾಳಿಯ ಕಾರ್ಬನ್-14 ಪಾಲು ತೆಳುವಾಗುತ್ತದೆ. ವಿಜ್ಞಾನಿ ಹ್ಯಾನ್ಸ್ ಸೂಸ್ 1955ರಲ್ಲೇ ಮರಗಳ ಕಾರ್ಬನ್ ಅಳೆದು ಇದನ್ನು ತೋರಿಸಿದರು. (ಆಮೇಲೆ ಅಣುಬಾಂಬ್ ಪರೀಕ್ಷೆಗಳು ಆ ಲೆಕ್ಕವನ್ನು ಕೆಡಿಸಿದವು, ಅದು ಬೇರೆ ಕಥೆ.) ಜೊತೆಗೆ ಗಾಳಿಯ ಆಮ್ಲಜನಕವೂ ಚೂರುಚೂರೇ ಇಳಿಯುತ್ತಿದೆ. ಉರಿಯೋದಕ್ಕೆ ಆಮ್ಲಜನಕ ಬೇಕು; ಜ್ವಾಲಾಮುಖಿ ಬಿಡುವ ಕಾರ್ಬನ್‌ಗೆ ಅದು ಬೇಕಿಲ್ಲ.